ನಿಮ್ಮ ತಂಗಿ ಯಾವ ಚಿತ್ರ ನೋಡಿ ನಕ್ಕಳು?

ನಮಸ್ಕಾರ.

ನೀವು ಕಳಿಸಿದ ‘ಓದಲೇಬೇಕಾದ ಏಳು ಮಾಂಗಾಗಳು’ ಲೇಖನವನ್ನು ಎರಡು ಸಲ ಓದಿದೆ. ಜಪಾನಿನ ಕಾಮಿಕ್ಸ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ನಿಮ್ಮ ಭಾಷೆ ಸರಾಗವಾಗಿದೆ, ಆಯ್ಕೆ ಚೆನ್ನಾಗಿದೆ, ಕಾಗುಣಿತದ ತಪ್ಪು ಒಂದೂ ಇಲ್ಲ. ಆದರೂ ಈಗಿರುವ ಹಾಗೆ ಇದನ್ನು ಪ್ರಕಟಿಸುವುದಿಲ್ಲ. ಎರಡು ಸಾಲಿನಲ್ಲಿ ಹೀಗೆ ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಆರನೇ ಪ್ಯಾರಾದ ಒಂದು ವಾಕ್ಯ ನನ್ನನ್ನು ಬಿಡುತ್ತಿಲ್ಲ.

“‘ಯೋತ್ಸುಬಾ’ ಓದುತ್ತಿದ್ದಾಗ, ಇಂಗ್ಲಿಷ್ ಬಾರದ ನನ್ನ ತಂಗಿ ಪಕ್ಕದಲ್ಲಿ ಕೂತು ಬರೀ ಚಿತ್ರ ನೋಡಿಯೇ ನಕ್ಕಳು.”

ಇಷ್ಟು ಬರೆದು, ಮುಂದಿನ ಸಾಲಿನಲ್ಲೇ “ಒಟ್ಟಿನಲ್ಲಿ ಇದೊಂದು ಫೀಲ್ ಗುಡ್ ಮಾಂಗಾ” ಅಂತ ಹೇಳಿ ಬೇರೆ ಪುಸ್ತಕಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ನಿಜವಾಗಿಯೂ ಸಿಟ್ಟು ಬಂತು. ಇಡೀ ಲೇಖನದಲ್ಲಿ ನೀವೇ ಕಣ್ಣಾರೆ ಕಂಡದ್ದು ಅಂತ ಇದ್ದದ್ದು ಇದೊಂದೇ. ಅದನ್ನೇ ದಾರಿಯಲ್ಲಿ ಬೀಳಿಸಿ ಹೋದಿರಿ.

ಉಳಿದ 1,300 ಪದಗಳಲ್ಲಿ ಏನಿದೆ? ಏಳು ಕಥೆಗಳ ಸಾರಾಂಶ, ಅದರ ಮೇಲೆ ಹೊಗಳಿಕೆ. ನಾಯಕ ಯಾರು, ಅವನ ಅಪ್ಪನನ್ನು ಕೊಂದವರು ಯಾರು, ಸೇಡು ಹೇಗೆ. ಇವೆಲ್ಲ ಪುಸ್ತಕದ ಹಿಂಬದಿಯ ಹೊದಿಕೆಯಲ್ಲೇ ಇರುತ್ತದೆ. ಮಾಂಗಾ ಚಿತ್ರದಲ್ಲಿ ಹೇಳುವ ಕಥೆ ಅಲ್ವಾ? ಚಿತ್ರದ ಬಗ್ಗೆ ನೀವು ಬರೆದದ್ದು ಒಂದೇ ಸಾಲು. ಅದನ್ನೇ ತೆಗೆದುಕೊಳ್ಳೋಣ.

“ಆರ್ಟ್ ಅಂತೂ ನೆಕ್ಸ್ಟ್ ಲೆವೆಲ್.” ಇದು ‘ವ್ಯಾಗಬಾಂಡ್’ ಬಗ್ಗೆ. ಯಾವುದರ ನೆಕ್ಸ್ಟ್? ಇದನ್ನು ಓದಿದವರಿಗೆ ಏನು ಕಾಣಿಸುತ್ತದೆ ಹೇಳಿ. ಇನೋಉಎ ತಕೆಹಿಕೊ 1998ರಲ್ಲಿ ಇದನ್ನು ಶುರು ಮಾಡಿದರು. ಹೋಗುತ್ತಾ ಹೋಗುತ್ತಾ ಪೆನ್ನಿಗಿಂತ ಕುಂಚವನ್ನೇ ಜಾಸ್ತಿ ಹಿಡಿದರು. ಕತ್ತಿಯೂ ಹುಲ್ಲೂ ಮಳೆಯೂ ಒಂದೇ ಕುಂಚದ ಎಳೆತದಲ್ಲಿ ಬರುತ್ತವೆ. ಇನ್ನೊಂದು ಮಾತು. ಇದಕ್ಕೆ ಮೂಲವಾದ ಯೋಶಿಕಾವಾ ಏಜಿಯವರ ಕಾದಂಬರಿಯಲ್ಲಿ ಸಸಾಕಿ ಕೊಜಿರೋ ಅನ್ನುವ ಕತ್ತಿವರಸೆಗಾರ ಒಳ್ಳೆಯ ಮಾತುಗಾರ. ಇನೋಉಎ ಅವನನ್ನು ಕಿವುಡನನ್ನಾಗಿ ಮಾಡಿದರು. ಅವನ ಭಾಗ ಬಂದಾಗ ಓದುಗನೂ ಅವನ ಹಾಗೆ ಕಣ್ಣಿನಿಂದಲೇ ಕೇಳಿಸಿಕೊಳ್ಳಬೇಕು. ಎದುರಾಳಿಯ ಭುಜ ಎತ್ತ ವಾಲಿತು, ಕಾಲು ಎಲ್ಲಿ ಊರಿತು ಅಂತ ನೋಡಬೇಕು. ನೀವು ಆ ಭಾಗ ಓದಿದ್ದೀರಿ, ಕೊಜಿರೋ ಹೆಸರನ್ನೂ ಹೇಳಿದ್ದೀರಿ. ಅವನು ಕಿವುಡ ಅನ್ನುವುದೇ ನಿಮ್ಮ ಬರಹದಲ್ಲಿ ಇಲ್ಲ.

“ಊಹಿಸಲಾಗದ ತಿರುವುಗಳಿಂದ ಕೂಡಿದ ರೋಚಕ ಕಥಾಹಂದರ.” ಉರಾಸಾವಾ ನವೋಕಿಯವರ ‘ಮಾನ್‌ಸ್ಟರ್’ ಬಗ್ಗೆ ಇದು. ಈ ಸಾಲನ್ನು ಯಾವ ಪತ್ತೇದಾರಿ ಕಾದಂಬರಿಗೆ ಬೇಕಾದರೂ ಅಂಟಿಸಬಹುದು. ಜರ್ಮನಿಯಲ್ಲಿರುವ ಜಪಾನಿ ಡಾಕ್ಟರು ಊರಿನ ಮೇಯರನ್ನು ಬಿಟ್ಟು ಒಬ್ಬ ಹುಡುಗನ ಜೀವ ಉಳಿಸುತ್ತಾನೆ. ವರ್ಷಗಳ ಮೇಲೆ ಆ ಹುಡುಗ ಕೊಲೆಗಾರನಾಗಿ ಎದುರು ನಿಲ್ಲುತ್ತಾನೆ. ಇದನ್ನು ನೀವೂ ಬರೆದಿದ್ದೀರಿ, ಸರಿ. ಆದರೆ ಹೆದರಿಕೆ ಹುಟ್ಟಿಸುವುದು ಇದಲ್ಲ. ಯಾರೋ ಏನನ್ನೋ ನೋಡಿದರು ಅಂತ ಉರಾಸಾವಾ ಮೊದಲು ಅವರ ಮುಖ ತೋರಿಸುತ್ತಾರೆ. ಏನು ನೋಡಿದರು ಅಂತ ಗೊತ್ತಾಗಬೇಕಾದರೆ ಪುಟ ತಿರುಗಿಸಬೇಕು.

ಮಾಂಗಾ ಬಲದಿಂದ ಎಡಕ್ಕೆ ಓಡುತ್ತದೆ. ಎಡಪುಟದ ಕೆಳಗಿನ ಮೂಲೆ ಅಂದರೆ ಕಣ್ಣು ಕೊನೆಗೆ ನಿಲ್ಲುವ ಜಾಗ. ಅನುಭವಿ ಚಿತ್ರಗಾರ ಅಲ್ಲಿ ಏನು ಇಡಬೇಕು ಅಂತ ಲೆಕ್ಕ ಹಾಕಿಯೇ ಇಡುತ್ತಾನೆ. ಮೊದಮೊದಲು ಇಂಗ್ಲಿಷಿಗೆ ತಂದವರು ಪುಟಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಬಲಗೈಯಲ್ಲಿ ಕತ್ತಿ ಹಿಡಿದವರೆಲ್ಲ ಎಡಚರಾಗುತ್ತಿದ್ದರು. ನಿಮ್ಮ ಲೇಖನ ಓದಿ ಮೊದಲ ಸಲ ಮಾಂಗಾ ಕೊಳ್ಳುವವರು ಪುಸ್ತಕವನ್ನು ಯಾವ ಕಡೆಯಿಂದ ತೆರೆಯಬೇಕು? ಅದನ್ನೂ ನೀವು ಹೇಳಿಲ್ಲ.

ನನಗೆ ಇದು ಇಷ್ಟು ಕಾಡಲು ಕಾರಣ ಇದೆ. ಇಪ್ಪತ್ಮೂರನೇ ವಯಸ್ಸಿನಲ್ಲಿ ನಾನು ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ಒಂದು ದಿನ ಕಥಾಸಂಕಲನವೊಂದರ ಪರಿಚಯ ಬರೆಯಲು ಹೇಳಿದರು. ‘ಗ್ರಾಮೀಣ ಸೊಗಡಿನ ಮನೋಜ್ಞ ಕಥೆಗಳು’ ಅಂತ ಶುರು ಮಾಡಿ ಒಂದೂವರೆ ಪುಟ ಬರೆದೆ. ಹಿರಿಯ ಉಪಸಂಪಾದಕರು ಓದಿದರು. ಬೈಯಲಿಲ್ಲ. ಪುಸ್ತಕವನ್ನು ನನ್ನ ಕೈಗಿಟ್ಟು, “ಯಾವ ಪುಟದಲ್ಲಿ ನಿಂತೆ?” ಅಂತ ಕೇಳಿದರು. ಅರ್ಥವಾಗಲಿಲ್ಲ. “ಪೂರ್ತಿ ಓದಿದೀನಿ ಸರ್” ಅಂದೆ. “ಅದಲ್ಲ. ಓದ್ತಾ ಓದ್ತಾ ಮುಂದಕ್ಕೆ ಹೋಗೋಕಾಗದೆ ಒಂದು ಕಡೆ ನಿಂತಿರ್ತೀಯಲ್ಲ, ಆ ಪುಟ” ಅಂದರು.

ರಾತ್ರಿ ರೂಮಿನಲ್ಲಿ ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಒಂದು ಕಥೆಯಲ್ಲಿ ಮುದುಕಿಯೊಬ್ಬಳು ಬಸ್ಸಿನಲ್ಲಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸುತ್ತಾಳೆ. ಒಂದು ರೂಪಾಯಿ ಕಡಿಮೆ. ಅಷ್ಟನ್ನೂ ಮತ್ತೆ ಗಂಟು ಕಟ್ಟುತ್ತಾಳೆ. ಆ ಗಂಟು ಕಟ್ಟುವುದಕ್ಕೇ ಕಥೆಗಾರರು ಅರ್ಧ ಪುಟ ಕೊಟ್ಟಿದ್ದರು. ಮೊದಲ ಓದಿನಲ್ಲೂ ನಾನು ಅಲ್ಲೇ ನಿಂತಿದ್ದೆ. ಆದರೆ ಅದು ಬರೆಯುವಂಥ ವಿಷಯ ಅಂತ ಅನ್ನಿಸಿರಲಿಲ್ಲ. ಮಾರನೇ ದಿನ ಎಂಟೇ ಸಾಲು ಬರೆದುಕೊಟ್ಟೆ, ಬರೀ ಆ ಗಂಟಿನ ಬಗ್ಗೆ. ನನ್ನ ಹೆಸರು ಮೊದಲ ಸಲ ಅಚ್ಚಾದದ್ದು ಆ ಎಂಟು ಸಾಲಿನ ಕೆಳಗೆ.

ಈಗ ನನಗೆ ನೋವಾದ ಸಾಲು. ಅದು ನಿಮ್ಮ ಲೇಖನದ ಮೊದಲ ವಾಕ್ಯವೇ. “ಮಾಂಗಾ ಅಂದರೆ ಮಕ್ಕಳ ಕಾಮಿಕ್ಸ್ ಅಂತ ತಿಳಿಯಬೇಡಿ, ಇದು ಗಂಭೀರ ಕಲೆ.”

ಯಾರಿಗೆ ಹೆದರಿ ಇದನ್ನು ಬರೆದಿರಿ? ಮಕ್ಕಳದ್ದು ಅಂದರೆ ಹಗುರ ಅಂತ ಯಾರು ಹೇಳಿದರು? ನಾನು ಅಕ್ಷರ ಕಲಿಯುವ ಮೊದಲೇ ಬಾಲಮಂಗಳದ ಡಿಂಗನನ್ನು ಓದಿದವನು. ಚಿತ್ರ ನೋಡಿ ಕಥೆ ಕಟ್ಟಿಕೊಳ್ಳುತ್ತಿದ್ದೆ. ಆಮೇಲೆ ಅಕ್ಷರ ಬಂದಾಗ ನಾನು ಕಟ್ಟಿದ ಕಥೆ ಸರಿಯಾಗಿತ್ತಾ ಅಂತ ಹಳೆಯ ಸಂಚಿಕೆ ತೆಗೆದು ನೋಡುತ್ತಿದ್ದೆ. ನನ್ನ ಓದು ಶುರುವಾದದ್ದೇ ಅಲ್ಲಿ.

ನಿಮ್ಮದೇ ಪಟ್ಟಿಯ ಐದನೇ ಪುಸ್ತಕ ನೋಡಿ. ‘ಬೇರ್‌ಫುಟ್ ಗೆನ್’. ಅದಕ್ಕೆ ನೀವು “ಹೃದಯ ಕಲಕುವ, ಗಂಭೀರ ಓದುಗರಿಗಾಗಿ” ಅಂತ ಬರೆದಿದ್ದೀರಿ. ಅದು 1973ರಲ್ಲಿ ಶುರುವಾದದ್ದು ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ, ಅಂದರೆ ಹುಡುಗರ ಪತ್ರಿಕೆಯಲ್ಲಿ. 1945ರ ಆಗಸ್ಟ್ 6ರಂದು ಹಿರೋಷಿಮಾದಲ್ಲಿ ಬಾಂಬು ಬಿದ್ದಾಗ ಅದನ್ನು ಬರೆದ ನಕಜಾವಾ ಕೇಜಿಗೆ ಆರು ವರ್ಷ. ಶಾಲೆಯ ಗೋಡೆ ಅಡ್ಡ ಇದ್ದದ್ದರಿಂದ ಬದುಕಿದರು. ಮನೆಯಲ್ಲಿದ್ದ ಅಪ್ಪ, ಅಕ್ಕ, ತಮ್ಮ ಸತ್ತರು. ದೊಡ್ಡವರಾದ ಮೇಲೆ ಅದನ್ನು ಅವರು ಮಕ್ಕಳಿಗೆ ಹೇಳಿದರು. ದುಂಡು ಮುಖ, ದೊಡ್ಡ ಬಾಯಿ, ಕುಣಿಯುವ ಕೈಕಾಲು. ತಮಾಷೆಯ ಚಿತ್ರದ ಗೆರೆ ಅದು. ಚರ್ಮ ಸುಲಿದು ನೇತಾಡುವ ಜನರನ್ನೂ ಅವರು ಅದೇ ಗೆರೆಯಲ್ಲಿ ಬರೆದರು. ನೋಡಲಾಗದೆ ನಾವು ನಿಲ್ಲುವುದು ಅದಕ್ಕೇ. 2012ರಲ್ಲಿ ಜಪಾನಿನ ಮಾತ್ಸುಎ ಊರಿನ ಶಿಕ್ಷಣ ಮಂಡಳಿ ಮಕ್ಕಳು ಸುಮ್ನೆ ತೆಗೆದು ಓದದ ಹಾಗೆ ಇದನ್ನು ಒಳಗಿಡಲು ಶಾಲೆಗಳಿಗೆ ಹೇಳಿತ್ತು. ಜನ ತಿರುಗಿಬಿದ್ದರು. 2013ರಲ್ಲಿ ಆ ಮಾತನ್ನು ವಾಪಸು ತೆಗೆದುಕೊಂಡರು. ಆ ಪುಸ್ತಕ ಮಕ್ಕಳ ಕೈಗೆ ಸಿಗಲಿ ಅಂತ ಅಷ್ಟು ಜನ ಮಾತಾಡಿದ್ದಾರೆ. ನೀವು ಒಂದು ವಾಕ್ಯದಲ್ಲಿ ಅದನ್ನು ಮಕ್ಕಳಿಂದ ಕಿತ್ತುಕೊಂಡಿರಿ.

ಇದೇ ಜಾಗದಲ್ಲಿ ಇನ್ನೊಂದು ತಿದ್ದುಪಡಿ. ಶೋನೆನ್, ಸೇನೆನ್ ಅನ್ನುವುದನ್ನು ನೀವು ಕಥೆಯ ಬಗೆ ಅನ್ನುವ ಹಾಗೆ ಬರೆದಿದ್ದೀರಿ. ಅದು ಕಥೆಯ ಬಗೆ ಅಲ್ಲ. ಮಾಂಗಾ ಅಚ್ಚಾಗುವ ಪತ್ರಿಕೆ ಹುಡುಗರಿಗೋ (ಶೋನೆನ್), ದೊಡ್ಡ ಗಂಡಸರಿಗೋ (ಸೇನೆನ್) ಅಂತ ಹೇಳುವ ಮಾತು ಅಷ್ಟೇ.

ಒಂದು ಆಸೆಯನ್ನೂ ಹೇಳಿಬಿಡುತ್ತೇನೆ. ಮಾಂಗಾದಲ್ಲಿ ಸದ್ದನ್ನೂ ಚಿತ್ರದ ಜೊತೆಗೇ ಬರೆಯುತ್ತಾರೆ. ಎದೆ ಹೊಡೆದುಕೊಳ್ಳುವುದಕ್ಕೆ ‘ದೋಕಿದೋಕಿ’, ಹೊಳೆಯುವುದಕ್ಕೆ ‘ಕಿರಾಕಿರಾ’. ಏನೂ ಸದ್ದಿಲ್ಲದಿರುವುದಕ್ಕೂ ‘ಶೀನ್’ ಅಂತ ಒಂದು ಸದ್ದಿದೆ. ಇಂಗ್ಲಿಷಿನಲ್ಲಿ ಇದಕ್ಕೆ ಮಾತು ಹುಡುಕಲು ಒದ್ದಾಡುತ್ತಾರೆ. ನಮಗೆ ಆ ಕಷ್ಟ ಇಲ್ಲ. ಎದೆ ಡವಡವ ಅನ್ನುತ್ತದೆ, ನಕ್ಷತ್ರ ಮಿಣಿಮಿಣಿ ಅನ್ನುತ್ತದೆ, ಖಾಲಿ ಮನೆ ಗವ್ ಅನ್ನುತ್ತದೆ. ನೀವು ಕನ್ನಡದಲ್ಲಿ ಬರೆಯುತ್ತಿದ್ದೀರಿ. ಈ ಮಾತುಗಳು ಕೈಗೆ ಸಿಗುವಲ್ಲೇ ಇರುವಾಗ “ಎಫೆಕ್ಟ್ಸ್ ಸೂಪರ್” ಅಂತ ಬರೆದಿದ್ದು ನನಗೆ ಸಂಕಟವಾಯಿತು.

ಉಳಿದ ಆರು ಪುಸ್ತಕಗಳನ್ನು ಸದ್ಯಕ್ಕೆ ಬಿಡಿ. ‘ಯೋತ್ಸುಬಾ’ ಒಂದೇ ಸಾಕು. ಅಜುಮಾ ಕಿಯೋಹಿಕೊ 2003ರಿಂದ ಅದನ್ನು ಬರೆಯುತ್ತಿದ್ದಾರೆ. ಪುಟ್ಟ ಹುಡುಗಿ ಅಪ್ಪನ ಜೊತೆ ಹೊಸ ಊರಿಗೆ ಬರುತ್ತಾಳೆ. ಅವಳಿಗೆ ಉಯ್ಯಾಲೆ ಅಂದರೆ ಏನು ಅಂತಲೂ ಗೊತ್ತಿಲ್ಲ. ಕೇಡಿಗಳಿಲ್ಲ, ಸೇಡಿಲ್ಲ. ದಿನಕ್ಕೊಂದು ಹೊಸ ವಸ್ತು, ಅದನ್ನು ನೋಡಿ ಅವಳು ಬೆರಗಾಗುವುದು, ಅಷ್ಟೇ. ಸಾರಾಂಶ ಬರೆದರೆ ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ. ಬಹುಶಃ ಅದಕ್ಕೇ ನೀವು ಅಲ್ಲಿಂದ ಬೇಗ ಎದ್ದು ಹೋದಿರಿ.

ತಂಗಿಯನ್ನು ಮತ್ತೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ಸಲ ಪುಸ್ತಕ ಅವಳ ಕೈಯಲ್ಲೇ ಇರಲಿ. ಯಾವ ಕಡೆಯಿಂದ ತೆರೆಯುತ್ತಾಳೆ ನೋಡಿ. ಎಲ್ಲಿ ನಗುತ್ತಾಳೆ, ನಗುವ ಮೊದಲು ಅವಳ ಕಣ್ಣು ಯಾವ ಚೌಕದಲ್ಲಿತ್ತು, ಅಲ್ಲಿ ಏನು ಬರೆದಿದೆ, ಏನನ್ನು ಬರೆಯದೆ ಬಿಟ್ಟಿದೆ. 500 ಪದ ಸಾಕು. ಈ ತಿಂಗಳ 20ರೊಳಗೆ ಕಳಿಸಿ. ಪುಟದ ಫೋಟೋ ಕಳಿಸಬೇಡಿ. ಆ ಚಿತ್ರ ನನಗೆ ನಿಮ್ಮ ಕನ್ನಡದಲ್ಲೇ ಕಾಣಬೇಕು.