ಬೋನಿನಿಂದ ಕಾಡಿಗೆ ಎಷ್ಟು ದೂರ?

ಪ್ರಶ್ನೆ: ಮೃಗಾಲಯಗಳು ವನ್ಯಜೀವಿಗಳನ್ನು ಸಂರಕ್ಷಿಸುತ್ತವೆ ಎಂದು ಅಲ್ಲಿನ ಫಲಕಗಳಲ್ಲೇ ಬರೆದಿರುತ್ತದೆ. ಕಾಡಿನಲ್ಲಿರಬೇಕಾದ ಪ್ರಾಣಿಯನ್ನು ಬೋನಿನಲ್ಲಿಟ್ಟು ತೋರಿಸುವುದು ಸಂರಕ್ಷಣೆ ಹೇಗಾದೀತು?

ಉತ್ತರ: ಇಟ್ಟು ತೋರಿಸುವುದಷ್ಟೇ ಆದರೆ ಅದು ಸಂರಕ್ಷಣೆಯಲ್ಲ, ನಿಮ್ಮ ಅನುಮಾನಕ್ಕೆ ಇತಿಹಾಸದ ಆಧಾರವೂ ಇದೆ. ಜೀಬ್ರಾಗಳ ಬಳಗದ ಕ್ವಾಗಾ 1883ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೃಗಾಲಯದಲ್ಲಿ ಸತ್ತಾಗ, ಅದು ಆ ಸಂತತಿಯ ಕೊನೆಯ ಪ್ರಾಣಿಯೆಂಬುದು ಅದನ್ನು ಸಾಕುತ್ತಿದ್ದವರಿಗೇ ತಿಳಿದಿರಲಿಲ್ಲ. ಒಂದು ಕಾಲಕ್ಕೆ ಉತ್ತರ ಅಮೆರಿಕದ ಆಕಾಶವನ್ನೇ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳಗಳಲ್ಲಿ ಕೊನೆಯದು 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿಯೂ, ಟಾಸ್ಮೇನಿಯಾದ ಥೈಲಸೀನ್ ಎಂಬ ಹೊಟ್ಟೆಚೀಲದ ಬೇಟೆಪ್ರಾಣಿಗಳಲ್ಲಿ ಕೊನೆಯದು 1936ರಲ್ಲಿ ಹೋಬಾರ್ಟ್‌ನ ಮೃಗಾಲಯದಲ್ಲಿಯೂ ಅಸುನೀಗಿದವು. ಅವುಗಳಿಗೆ ಅನ್ನ ನೀರು ಸಿಕ್ಕಿತ್ತು, ಸಂತಾನವಷ್ಟೇ ಉಳಿಯಲಿಲ್ಲ.

ಇಟ್ಟುಕೊಳ್ಳುವ ಕೆಲಸವನ್ನು ಉಳಿಸುವ ಕೆಲಸವನ್ನಾಗಿ ಮಾಡಿದ್ದು, ನನ್ನ ದೃಷ್ಟಿಯಲ್ಲಿ, ನೋಡುಗರ ಕಣ್ಣಿಗೆ ಬೀಳದ ಒಂದು ಲೆಕ್ಕದ ಪುಸ್ತಕ. ಅಳಿವಿನಂಚಿನ ಪ್ರಭೇದವೊಂದಕ್ಕೆ ಸೇರಿದ, ಬೇರೆ ಬೇರೆ ದೇಶಗಳ ಮೃಗಾಲಯಗಳಲ್ಲಿರುವ ಪ್ರತಿಯೊಂದು ಪ್ರಾಣಿಗೂ ಈ ವಂಶಾವಳಿ ಪುಸ್ತಕದಲ್ಲಿ ಒಂದು ಸಂಖ್ಯೆಯಿರುತ್ತದೆ. ಹುಟ್ಟಿದ ದಿನ, ತಂದೆ ತಾಯಿ ಯಾರು, ಎಲ್ಲಿಂದ ಎಲ್ಲಿಗೆ ಹೋಯಿತು, ಯಾವಾಗ ಸತ್ತಿತು ಎಂಬುದೆಲ್ಲ ದಾಖಲಾಗುತ್ತದೆ. ಯಾವ ಗಂಡಿಗೆ ಯಾವ ಹೆಣ್ಣು ಎಂಬುದು ಇದನ್ನು ನೋಡಿಯೇ ತೀರ್ಮಾನವಾಗುತ್ತದೆ. ಜಾತಕ ನೋಡಿದಂತೆಯೇ ಎನ್ನಬಹುದು, ಆದರೆ ಇಲ್ಲಿಯ ಲೆಕ್ಕ ಬೇರೆ: ಈಗಾಗಲೇ ಹತ್ತಾರು ಮರಿಗಳಿಗೆ ತಂದೆಯಾದ ಬಲಿಷ್ಠ ಗಂಡನ್ನು ಪಕ್ಕಕ್ಕಿಟ್ಟು, ಬಂಧುಬಳಗವೇ ಇಲ್ಲದ ಬಡಕಲು ಪ್ರಾಣಿಗೆ ಆದ್ಯತೆ ಕೊಡುತ್ತಾರೆ, ಏಕೆಂದರೆ ಅದರಲ್ಲಿರುವ ವಂಶವಾಹಿಗಳು ಬೇರೆಲ್ಲಿಯೂ ಉಳಿದಿರುವುದಿಲ್ಲ. ಪ್ರಜೆವಾಲ್‌ಸ್ಕಿ ಎಂಬ ಕಾಡುಕುದುರೆ ಮಂಗೋಲಿಯಾದ ಬಯಲಿನಲ್ಲಿ ಕೊನೆಯದಾಗಿ ಕಂಡದ್ದು 1960ರ ದಶಕದ ಕೊನೆಯಲ್ಲಿ. ಇಂದಿರುವ ಈ ಕಾಡುಕುದುರೆಗಳೆಲ್ಲವೂ ಸೆರೆಯಲ್ಲಿ ಉಳಿದಿದ್ದ ಸುಮಾರು ಹನ್ನೆರಡು ಕುದುರೆಗಳ ಸಂತತಿ; ಅವುಗಳ ವಂಶಾವಳಿಯನ್ನು ಪ್ರಾಗ್ ಮೃಗಾಲಯ ದಶಕಗಳಿಂದ ಬರೆದಿಡುತ್ತ ಬಂದಿದೆ. 1992ರಲ್ಲಿ ಅವು ಮಂಗೋಲಿಯಾಕ್ಕೆ ಮರಳಿದವು.

ಈ ಲೆಕ್ಕ ಎಷ್ಟು ಬಿಗಿಯೆಂಬುದಕ್ಕೆ ಮುಂಗುಸಿಯನ್ನು ಹೋಲುವ, ಅಮೆರಿಕದ ಕಪ್ಪುಕಾಲಿನ ಫೆರೆಟ್ ಇನ್ನೊಂದು ನಿದರ್ಶನ. ನಾಶವಾಯಿತೆಂದೇ ಭಾವಿಸಿದ್ದ ಈ ಪ್ರಾಣಿಯನ್ನು 1981ರಲ್ಲಿ ವಯೋಮಿಂಗ್‌ನಲ್ಲಿ ಸಾಕುನಾಯಿಯೊಂದು ಕಚ್ಚಿಕೊಂಡು ಬಂದದ್ದರಿಂದ ಅಲ್ಲೊಂದು ಗುಂಪು ಉಳಿದಿರುವುದು ಗೊತ್ತಾಯಿತು. ರೋಗ ಬಡಿದ ಮೇಲೆ ಹಿಡಿದು ತಂದ ಕೊನೆಯ 18 ಪ್ರಾಣಿಗಳಲ್ಲಿ ವಂಶ ಮುಂದುವರಿಸಿದವು 7 ಮಾತ್ರ. ಮರಿ ಉಳಿಸದೆ ಸತ್ತ ಒಂದು ಹೆಣ್ಣಿನ ಜೀವಕೋಶಗಳನ್ನು 1988ರಲ್ಲಿ ಸಾನ್ ಡಿಯೇಗೊ ಮೃಗಾಲಯದ ಶೀತಭಂಡಾರದಲ್ಲಿ ಕಾದಿರಿಸಲಾಗಿತ್ತು. ಅದರಿಂದ 2020ರಲ್ಲಿ ಒಂದು ತದ್ರೂಪಿ ಹುಟ್ಟಿತು, ಅದೇ ಕೋಶಗಳಿಂದ ಬಂದ ಮತ್ತೊಂದು ತದ್ರೂಪಿ 2024ರಲ್ಲಿ ಮರಿ ಹಾಕಿತು. ಏಳಿದ್ದ ಮೂಲಪುರುಷರ ಪಟ್ಟಿಗೆ ಎಂಟನೆಯದು ಸೇರಲು ಮೂವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಪ್ರಶ್ನೆ: ಮೃಗಾಲಯದಲ್ಲಿ ಹುಟ್ಟಿ, ತಟ್ಟೆಯಲ್ಲಿಟ್ಟ ಆಹಾರ ತಿಂದು ಬೆಳೆದ ಪ್ರಾಣಿ ಕಾಡಿನಲ್ಲಿ ಬದುಕೀತೇ?

ಉತ್ತರ: ಬಿಟ್ಟ ಕೂಡಲೇ ಬದುಕುವುದಿಲ್ಲ. ವಾಷಿಂಗ್ಟನ್‌ನ ರಾಷ್ಟ್ರೀಯ ಮೃಗಾಲಯದ ಮುಂದಾಳತ್ವದಲ್ಲಿ, ಸೆರೆಯಲ್ಲಿ ಹುಟ್ಟಿದ ಚಿನ್ನದ ಬಣ್ಣದ ಟ್ಯಾಮರಿನ್ ಕೋತಿಗಳನ್ನು 1984ರಲ್ಲಿ ಬ್ರೆಜಿಲ್‌ನ ಕರಾವಳಿ ಕಾಡಿಗೆ ಬಿಟ್ಟಾಗ ಅವುಗಳಿಗೆ ತೆಳುವಾದ ರೆಂಬೆಯ ಮೇಲೆ ನಡೆಯಲು ಬರುತ್ತಿರಲಿಲ್ಲ. ಮೃಗಾಲಯದ ಮರದ ತುಂಡು ಅಲುಗಾಡುವುದಿಲ್ಲ, ಕಾಡಿನ ರೆಂಬೆ ಬಾಗುತ್ತದೆ. ಇಷ್ಟು ಸಣ್ಣ ವಿಷಯವನ್ನು ಮೊದಲೇ ಯಾರೂ ಯೋಚಿಸಿರಲಿಲ್ಲ. ಹಲವು ಕೋತಿಗಳು ಸತ್ತ ಮೇಲೆ, ಬಿಡುಗಡೆಗೆ ಮುನ್ನ ಅವುಗಳನ್ನು ಮೃಗಾಲಯದ ಆವರಣದ ಮರಗಳಲ್ಲಿಯೇ ಸ್ವೇಚ್ಛೆಯಾಗಿ ಓಡಾಡಲು ಬಿಡುವ ಪದ್ಧತಿ ಬಂದಿತು.

ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದಿನ ಕಥೆ ಇನ್ನೂ ಸೂಕ್ಷ್ಮವಾದದ್ದು. 1982ರಲ್ಲಿ ಉಳಿದಿದ್ದವು 22 ಹಕ್ಕಿಗಳು. 1987ರಲ್ಲಿ ಹೊರಗಿದ್ದ ಕೊನೆಯ ಹಕ್ಕಿಯನ್ನೂ ಹಿಡಿದ ಮೇಲೆ, ಬದುಕಿದ್ದ 27 ಹಕ್ಕಿಗಳೂ ಸಾನ್ ಡಿಯೇಗೊ ಮತ್ತು ಲಾಸ್ ಏಂಜಲೀಸ್‌ಗಳಲ್ಲಿ ಸೆರೆಯಲ್ಲಿದ್ದವು. ಕಾಂಡೋರ್ ಒಂದು ಸಲಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಆದರೆ ಅದನ್ನು ತೆಗೆದರೆ ಮತ್ತೊಂದನ್ನು ಇಡುತ್ತದೆ. ಹೀಗೆ ತೆಗೆದ ಮೊಟ್ಟೆಯಿಂದ ಹೊರಬಂದ ಮರಿಗೆ ಮನುಷ್ಯನೇ ತಾಯಿಯೆಂಬ ಭಾವನೆ ಬಾರದಿರಲೆಂದು, ಪಾಲಕರು ಕಾಂಡೋರ್ ತಲೆಯಂತೆ ಹೊಲಿದ ಕೈಗವಸು ತೊಟ್ಟು, ಗೋಡೆಯ ಕಿಂಡಿಯಿಂದ ಕೈಯನ್ನಷ್ಟೇ ಒಳಗೆ ಚಾಚಿ, ಆ ಬೊಂಬೆಯ ಕೊಕ್ಕಿನಿಂದ ಮಾಂಸದ ಚೂರುಗಳನ್ನು ಉಣಿಸುತ್ತಿದ್ದರು. ಇಷ್ಟೆಲ್ಲ ಮಾಡಿ 1992ರಲ್ಲಿ ಹೊರಗೆ ಬಿಟ್ಟರೆ, ಮರಿಗಳು ಹೋಗಿ ವಿದ್ಯುತ್ ಕಂಬಗಳ ಮೇಲೆ ಕುಳಿತವು. ಕೆಲವು ತಂತಿ ತಗುಲಿ ಸತ್ತವು. ಆಮೇಲೆ ಸಾಕುವ ಬಲೆಮನೆಯೊಳಗೇ ಒಂದು ಅಣಕು ಕಂಬ ನೆಟ್ಟು, ಕುಳಿತೊಡನೆ ಕಾಲಿಗೆ ಚುರುಕ್ ಎನ್ನುವಷ್ಟು ವಿದ್ಯುತ್ ಹರಿಯುವಂತೆ ಮಾಡಿದರು, ಪಾಠ ಹತ್ತಿತು. ಈಗ ಕಾಂಡೋರ್‌ಗಳ ಒಟ್ಟು ಸಂಖ್ಯೆ 500ನ್ನು ದಾಟಿದ್ದು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗೆ ಹಾರಾಡುತ್ತಿವೆ. ಆದರೂ ಬೇಟೆಗಾರರು ಬಿಟ್ಟುಹೋದ ಕಳೇಬರಗಳಲ್ಲಿನ ಸೀಸದ ಗುಂಡಿನ ಚೂರುಗಳನ್ನು ನುಂಗಿ ಸಾಯುವುದು ನಿಂತಿಲ್ಲ. ಅದಕ್ಕೆ ಮೃಗಾಲಯದಲ್ಲಿ ಮದ್ದಿಲ್ಲ, ಕಾನೂನಿನಲ್ಲಿದೆ.

ಪ್ರಾಣಿಗೆ ಎಷ್ಟೇ ತರಬೇತಿ ಕೊಟ್ಟರೂ ಮರಳಿ ಹೋಗುವ ಜಾಗ ಸಿದ್ಧವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅರೇಬಿಯಾದ ಓರಿಕ್ಸ್ ಎಂಬ ಬಿಳಿ ಜಿಂಕೆಯ ಉದಾಹರಣೆಯನ್ನು ಮರೆಯಬಾರದು. ಫೀನಿಕ್ಸ್ ಮೃಗಾಲಯದಲ್ಲಿ ಒಟ್ಟುಗೂಡಿಸಿದ 9 ಪ್ರಾಣಿಗಳಿಂದ ಬೆಳೆದ ಹಿಂಡಿನ ಸಂತತಿಯನ್ನು 1982ರಲ್ಲಿ ಒಮಾನ್‌ನ ಮರುಭೂಮಿಗೆ ಬಿಡಲಾಯಿತು. ಕಾಡಿನ ಕೊನೆಯ ಓರಿಕ್ಸ್ ಬೇಟೆಗೆ ಬಲಿಯಾಗಿ ಆಗ ಹತ್ತು ವರ್ಷವಾಗಿತ್ತು. 1996ರ ವೇಳೆಗೆ ಅವು ಸುಮಾರು 450 ಆದವು. ಆಮೇಲೆ ಕಳ್ಳಬೇಟೆ ಮತ್ತೆ ಶುರುವಾಗಿ 2007ಕ್ಕೆ 65ಕ್ಕೆ ಇಳಿದವು, ರಕ್ಷಿತ ಪ್ರದೇಶದ ಬಹುಪಾಲನ್ನೂ ಕಡಿತಗೊಳಿಸಲಾಯಿತು, ಯುನೆಸ್ಕೊ ಆ ತಾಣವನ್ನು ವಿಶ್ವಪರಂಪರೆಯ ಪಟ್ಟಿಯಿಂದಲೇ ತೆಗೆದುಹಾಕಿತು. ಬೇರೆ ದೇಶಗಳಲ್ಲಿಯೂ ಓರಿಕ್ಸ್‌ಗಳನ್ನು ಬಿಟ್ಟಿದ್ದರಿಂದ ಪ್ರಭೇದ ಉಳಿದುಕೊಂಡಿತು.

ಪ್ರಶ್ನೆ: ಇವೆಲ್ಲ ದೂರದ, ಹೆಸರಾಂತ ಪ್ರಾಣಿಗಳ ಮಾತಾಯಿತು. ಮೃಗಾಲಯದ ಸುತ್ತಮುತ್ತಲೇ ಇರುವ ಜೀವಿಗಳಿಗೆ ಏನು ಪ್ರಯೋಜನ?

ಉತ್ತರ: ನನ್ನ ಕೇಳಿದರೆ ಹೆಚ್ಚು ಗಟ್ಟಿಯಾದ ಕೆಲಸ ನಡೆಯುವುದು ಅಲ್ಲಿಯೇ. ಅದೇ ಮಣ್ಣು, ಅದೇ ಹವೆ. ಮರಳಿ ಬಿಡುವ ಜಾಗ ಕೆಲವೇ ಗಂಟೆಗಳ ಪ್ರಯಾಣದ ದೂರದಲ್ಲಿರುತ್ತದೆ. ಆಸ್ಟ್ರೇಲಿಯಾದ ಪರ್ತ್ ಸುತ್ತಲಿನ ಜೌಗು ನೆಲದಲ್ಲಿ ಮಾತ್ರ ಇರುವ, ಅಂಗೈಯಗಲದ ಆಮೆಯೊಂದು ಅಳಿದೇ ಹೋಯಿತೆಂದು ತಿಳಿದಿದ್ದಾಗ 1953ರಲ್ಲಿ ಮತ್ತೆ ಕಾಣಿಸಿಕೊಂಡಿತು. 1980ರ ದಶಕದಲ್ಲಿ ಐವತ್ತಕ್ಕೂ ಕಡಿಮೆ ಉಳಿದಿತ್ತು. ಪರ್ತ್ ಮೃಗಾಲಯ ಅಂದಿನಿಂದ ನೂರಾರು ಮರಿಗಳನ್ನು ಬೆಳೆಸಿ ಜೌಗಿಗೆ ಬಿಟ್ಟಿದೆ. ಅದನ್ನು ನೋಡಲೆಂದೇ ಟಿಕೆಟ್ ಕೊಳ್ಳುವವರು ಹೆಚ್ಚಿರಲಾರರು. ಗಾಯಗೊಂಡ ಹಕ್ಕಿ, ತಾಯಿ ತಪ್ಪಿದ ಮರಿಗಳ ಚಿಕಿತ್ಸೆಯನ್ನು ಹಲವು ಮೃಗಾಲಯಗಳು ಮಾಡುತ್ತವೆ. ಅರಿವಳಿಕೆಯ ಪ್ರಮಾಣವೆಷ್ಟು, ಸಗಣಿಯ ಪರೀಕ್ಷೆಯಿಂದ ಪ್ರಾಣಿ ಗರ್ಭ ಧರಿಸಿರುವುದು ತಿಳಿಯುತ್ತದೆಯೇ ಎಂಬಂಥ ವಿಷಯಗಳನ್ನು ಮೃಗಾಲಯದ ವೈದ್ಯರು ಕಂಡುಕೊಂಡದ್ದು ಕಾಡಿನಲ್ಲಿ ಕೆಲಸ ಮಾಡುವವರಿಗೆ ನೇರವಾಗಿ ಒದಗಿಬರುತ್ತದೆ.

ಪ್ರಶ್ನೆ: ಎಲ್ಲ ಮೃಗಾಲಯಗಳೂ ಹೀಗೆಯೇ ಇವೆಯೇ?

ಉತ್ತರ: ಇಲ್ಲ. ಅತ್ಯುತ್ತಮವಾದವುಗಳಲ್ಲಿಯೂ ಹೆಚ್ಚಿನ ಪ್ರಾಣಿಗಳು ಎಂದೂ ಕಾಡು ಕಾಣುವುದಿಲ್ಲ. ಮುಂದಿನ ಸಲ ಹೋದಾಗ ಬೋನಿನ ಮುಂದೆ ನಿಂತು, ಈ ಪ್ರಾಣಿ ಎಲ್ಲಿ ಹುಟ್ಟಿತು, ವಂಶಾವಳಿ ಪುಸ್ತಕದಲ್ಲಿ ಇದರ ಸಂಖ್ಯೆಯೆಷ್ಟು, ಇದರ ಮರಿ ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿಯ ಸಿಬ್ಬಂದಿಯನ್ನು ಕೇಳಿ ನೋಡಿ.