ಜವಾನನು ಪಗಾರದ ಮಾತೆತ್ತಿದರೆ

ಜತ್ತ ತಾಲೂಕಿನ ಸಂಖದಿಂದ ಓದುಗರೊಬ್ಬರು ಬರೆದಿದ್ದಾರೆ. ಸುಟ್ಟಿಗೆ ಬಂದ ಅವರ ಮೈದುನ, ಸೈನ್ಯದಲ್ಲಿ ಸಿಪಾಯಿ, ಪಗಾರ ಸಾಲದೆಂದು ಕೊರಗುತ್ತಾನೆ. “ದಾಳಿಂಬೆ ತೋಟಕ್ಕೆ ದಿನಗೂಲಿಗೆ ಹೋಗುವ ನಮಗೆ ಅವನ ಪಗಾರ ಕನಸಿನ ಮಾತು. ರೇಶನ್, ದವಾಖಾನೆ ಎಲ್ಲ ಸರಕಾರದ್ದೇ. ದೇಶಸೇವೆಗೆ ಹೋದವನು ಹೀಗೆ ಲೆಕ್ಕ ಹಾಕಬಹುದೇ?” ಎಂಬುದು ಅವರ ಪ್ರಶ್ನೆ.

ಸೋದರಿ, ಮಳೆ ನಂಬಿ ಬದುಕುವ ನಮ್ಮ ಸೀಮೆಯಲ್ಲಿ ತಿಂಗಳಿಗೊಮ್ಮೆ ತಪ್ಪದೆ ಬರುವ ಹಣದ ಬೆಲೆ ನಿಮಗೆ ಗೊತ್ತಿರುವಷ್ಟು ದಿಲ್ಲಿಯವರಿಗೆ ಗೊತ್ತಿರಲಾರದು. ಏಳನೆಯ ವೇತನ ಆಯೋಗದ ಪ್ರಕಾರ ಸಿಪಾಯಿಯ ಆರಂಭದ ಮೂಲವೇತನ 21,700 ರೂಪಾಯಿ. ಅದರ ಮೇಲೆ ಸೈನ್ಯದ ಕಠಿಣ ಬದುಕಿಗಾಗಿ ಕೊಡುವ 5,200 ರೂಪಾಯಿ ಸೇನಾ ಸೇವಾ ವೇತನ, ತುಟ್ಟಿಭತ್ಯೆ. ಈ ಮೊತ್ತ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಅದೇ ಸೇನಾ ಸೇವಾ ವೇತನ ಅಧಿಕಾರಿಗೆ 15,500 ರೂಪಾಯಿ ಆಗಿರುವುದು ಜವಾನರ ಹಳೆಯ ನೋವು, ಮತ್ತು ಆ ನೋವು ನ್ಯಾಯವಾದದ್ದು. ಗಡಿಯ ಚಳಿ ಹುದ್ದೆ ನೋಡಿ ಕೊರೆಯುವುದಿಲ್ಲ.

ಇದಕ್ಕಿಂತ ದೊಡ್ಡ ಚಿಂತೆ ವಯಸ್ಸಿನದು. ಕೇಂದ್ರ ಸರಕಾರದ ಗುಮಾಸ್ತನು 60ರವರೆಗೆ ದುಡಿಯುತ್ತಾನೆ. ಬಡ್ತಿ ಸಿಗದ ಸಿಪಾಯಿ 40ರ ಆಸುಪಾಸಿನಲ್ಲೇ, ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುವಾಗಲೇ, ಟ್ರಂಕು ಹೊತ್ತು ಮನೆಗೆ ಬರುತ್ತಾನೆ. ಉಮದಿಯಲ್ಲಿ ಅಂಥ ಒಬ್ಬರು ಆ ಟ್ರಂಕಿನ ತಳದಿಂದ ಎರಡು ಪಗಾರ ಚೀಟಿ ತೆಗೆದು ನನ್ನ ಮುಂದೆ ಹಾಸಿದ್ದರು. ಒಂದು ಸಿಯಾಚಿನ್‌ನಲ್ಲಿದ್ದ ತಿಂಗಳದು. ಜವಾನರಿಗೆ ಅಲ್ಲಿನ ಭತ್ಯೆಯನ್ನು 2017ರಲ್ಲಿ 14,000 ರೂಪಾಯಿಯಿಂದ 30,000ಕ್ಕೆ ಏರಿಸಲಾಗಿತ್ತು. ಇನ್ನೊಂದು ಕೆಳಗಿಳಿದ ಮೇಲಿನದು. ಅದರಲ್ಲಿ ಆ ಸಾಲೇ ಇರಲಿಲ್ಲ. ಮಡಿಕೆಯಲ್ಲಿ ಹರಿಯತೊಡಗಿದ್ದ ಆ ಕಾಗದವನ್ನು ಬೆರಳಿನಿಂದ ಸವರುತ್ತ, “ಪಿಂಚಣಿಯಲ್ಲಿ ಈ ಹಿಮದ ಲೆಕ್ಕ ಇಲ್ಲ ಸರ್” ಎಂದರು. ಅವರ ಮಾತು ನಿಜ. ಪಿಂಚಣಿ ನಿಲ್ಲುವುದು ಕೊನೆಯ ಮೂಲವೇತನ ಮತ್ತು ಸೇನಾ ಸೇವಾ ವೇತನಗಳ ಅರ್ಧದ ಮೇಲೆ. ಭತ್ಯೆಗಳು ಅದರೊಳಗೆ ಸೇರುವುದಿಲ್ಲ. ಅವರೀಗ ಸಾಂಗ್ಲಿಯಲ್ಲಿ ರಾತ್ರಿ ಕಾವಲಿಗಿದ್ದಾರೆ. ಒಂದೇ ಹುದ್ದೆ, ಅಷ್ಟೇ ಸೇವೆ ಇದ್ದವರಿಗೆ ಒಂದೇ ಪಿಂಚಣಿ ಎಂಬ ನಿಯಮ 2014ರ ಜುಲೈ 1ರಿಂದ ಜಾರಿಗೆ ಬಂದದ್ದು ಇಂಥವರ ದೀರ್ಘ ಹೋರಾಟದ ಫಲ. ಅವರು ಲೆಕ್ಕ ಕೇಳದೆ ಸುಮ್ಮನಿದ್ದಿದ್ದರೆ ಅದೂ ಬರುತ್ತಿರಲಿಲ್ಲ.

2022ರಿಂದ 4 ವರ್ಷದ ಮಟ್ಟಿಗೆ ಅಗ್ನಿವೀರರಾಗಿ ಸೇರುವವರಿಗೆ ಆ ಸೇವೆಗೆ ಪಿಂಚಣಿಯೇ ಇಲ್ಲ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿಯಲ್ಲಿ 9,000, ಸೇವೆ ಮುಗಿದಾಗ ಒಟ್ಟಿಗೆ ಸಿಗುವ ಸೇವಾನಿಧಿಗೆ ಹೋಗಿ 21,000 ಕೈಗೆ ಬರುತ್ತದೆ. ಸರಕಾರವೂ ಅಷ್ಟೇ ಮೊತ್ತ ಸೇರಿಸುತ್ತದೆ ನಿಜ, ಆದರೆ 4 ವರ್ಷದ ಬಳಿಕ ಕಾಯಂ ಆಗುವವರು ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚಿಲ್ಲ.

ಹಾಗಾಗಿ ನಿಮ್ಮ ಮೈದುನನ ಮಾತಿನಲ್ಲಿ ನನಗೆ ದೇಶಭಕ್ತಿಯ ಕೊರತೆ ಕಾಣುವುದಿಲ್ಲ. ಮುಂದಿನ ಸುಟ್ಟಿಗೆ ಬಂದಾಗ, ಅವರು ಪಲ್ಟನ್ ಬಿಡುವ ವರ್ಷ ಅವರ ಕಿರಿಯ ಮಗು ಎಷ್ಟನೆಯ ಇಯತ್ತೆಯಲ್ಲಿರುತ್ತದೆ ಎಂದು ಕೇಳಿ ನೋಡಿ. ಆ ಲೆಕ್ಕ ಅವರ ಬಾಯಲ್ಲೇ ಇರುತ್ತದೆ.