ಆಗಸ್ಟ್ 15, ಸೆಪ್ಟೆಂಬರ್ 17: ನಮಗೇಕೆ ಎರಡು ಸಲ ಧ್ವಜಾರೋಹಣ?

ಪ್ರಶ್ನೆ: ಸರ್, ನಮ್ಮದು ಚಿತ್ತಾಪುರ ತಾಲೂಕು. ಮಗಳು ಎಂಟನೇ ಕ್ಲಾಸು. "ಬ್ರಿಟಿಷರು ನಮ್ಮನ್ನು ಇನ್ನೂರು ವರ್ಷ ಆಳಿದರು" ಎಂದು ಜೋರಾಗಿ ಓದುತ್ತಿದ್ದಳು. ನಮ್ಮತ್ತೆ ಕೇಳಿಸಿಕೊಂಡು, "ನಮ್ಮ ಕಡಿ ಇಂಗ್ರೇಜರು ಎಲ್ಲಿದ್ರವ್ವಾ? ನಾವು ನೋಡಿದ್ದು ನಿಜಾಮನ ರಾಜ್ಯ, ರಜಾಕಾರರ ಹಾವಳಿ" ಅಂದರು. ಈಗ ಮಗಳಿಗೂ ಗೊಂದಲ, ನನಗೂ ಗೊಂದಲ. ನಾವು ಯಾರ ಕೈಕೆಳಗಿದ್ದೆವು? ಆಗಸ್ಟ್ 15ಕ್ಕೂ ನಮಗೂ ಸಂಬಂಧವೇ ಇಲ್ಲವೇ?

ಉತ್ತರ: ನಿಮ್ಮತ್ತೆಯವರು ಕಂಡದ್ದನ್ನೇ ಹೇಳಿದ್ದಾರೆ. ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಹಳ್ಳಿಯವರಿಗೆ ಸರ್ಕಾರ ಎಂದರೆ ಪಟೇಲ, ಪಟವಾರಿ, ತಹಸೀಲ್ದಾರ. ನಿಜಾಮರು ಯಾರಿಗಾದರೂ ಬಿಟ್ಟುಕೊಟ್ಟ ಜಾಗೀರಿನ ಊರಾದರೆ ಜಾಗೀರದಾರನೇ ಎಲ್ಲ. ಕಚೇರಿಯ ಭಾಷೆ ಉರ್ದು. ಕೈಯಲ್ಲಿ ಓಡಾಡುತ್ತಿದ್ದದ್ದು ನಿಜಾಮರ ಹಾಲಿ ಸಿಕ್ಕಾ. ಸೊಲ್ಲಾಪುರದ ಸಂತೆಗೆ ಹೋಗಬೇಕಾದರೆ ಗಡಿಯಲ್ಲಿ ಕರೋಡ್‌ಗಿರಿ ನಾಕಾ, ಅಂದರೆ ಸುಂಕದ ಕಟ್ಟೆ ದಾಟಬೇಕು, ಹಾಲಿ ಕೊಟ್ಟು ಕಲ್ದಾರ್ ತಗೋಬೇಕು. ಹೆಚ್ಚುಕಡಿಮೆ ಏಳು ಹಾಲಿಗೆ ಆರು ಕಲ್ದಾರ್. ಆ ಕಲ್ದಾರ್ ಇಂಗ್ರೇಜರ ರೂಪಾಯಿ. ನಮ್ಮ ಕಡೆಯ ಎಷ್ಟೋ ಜನ ಇಂಗ್ರೇಜರ ಮುಖ ಕಂಡದ್ದು ಆ ನಾಣ್ಯದ ಮೇಲೆ ಮಾತ್ರ.

ಆದರೆ ನಿಜಾಮರ ಹಿಂದೆ ನಿಂತಿದ್ದವರು ಬ್ರಿಟಿಷರೇ. 1798ರಲ್ಲಿ ಹೈದರಾಬಾದು ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿಕೊಂಡಿತು. ಅಲ್ಲಿಂದ ಇಂಗ್ರೇಜರ ಪಡೆ ನಿಜಾಮರ ಖರ್ಚಿನಲ್ಲೇ ಅವರ ನೆಲದಲ್ಲಿ ಬೀಡುಬಿಟ್ಟಿತು. ದರ್ಬಾರಿನ ಪಕ್ಕದಲ್ಲಿ ಇಂಗ್ರೇಜರ ಪ್ರತಿನಿಧಿ, ರೆಸಿಡೆಂಟ್ ಕೂತ. ಪಡೆಯ ಖರ್ಚು ಬಾಕಿ ಬಿತ್ತೆಂದು 1853ರಲ್ಲಿ ಹತ್ತಿ ಬೆಳೆಯುವ ಬೇರಾರ್ ಪ್ರಾಂತ್ಯದ ಆಡಳಿತವನ್ನೇ ಕಿತ್ತುಕೊಂಡರು. ನಿಜಾಮರಿಗೆ ಉಳಿದದ್ದು ಒಳಾಡಳಿತ ಮತ್ತು ವೈಭವ. ಹೊರಗಿನ ವ್ಯವಹಾರದ ಕೀಲಿಕೈ ಇಂಗ್ರೇಜರ ಸೊಂಟದಲ್ಲಿತ್ತು.

ಮಗಳಿಗೆ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಬೇಕಾದರೆ ಒಂದು ಭಾನುವಾರ ಸುರಪುರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. ರಾಜಾ ವೆಂಕಟಪ್ಪ ನಾಯಕ ಹುಡುಗನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಗ್ರೇಜ್ ಅಧಿಕಾರಿ ಮೆಡೋಸ್ ಟೇಲರ್ ಇದ್ದ ಮನೆ ಅದು. ಹುಡುಗ ಆತನನ್ನು "ಅಪ್ಪಾ" ಎಂದೇ ಕರೆಯುತ್ತಿದ್ದ. ಅದೇ ಹುಡುಗ ದೊಡ್ಡವನಾಗಿ 1858ರಲ್ಲಿ ಇಂಗ್ರೇಜರ ವಿರುದ್ಧ ಕತ್ತಿ ಎತ್ತಿದ, ಸೆರೆಸಿಕ್ಕ, ಅದೇ ವರ್ಷ ಗುಂಡೇಟಿನಿಂದ ತೀರಿಕೊಂಡ. ಮುಂದೇನಾಯಿತು ನೋಡಿ: 1857ರ ದಂಗೆಯಲ್ಲಿ ತಮ್ಮ ಪಕ್ಷ ಬಿಡದ ನಿಜಾಮರಿಗೆ ಇಂಗ್ರೇಜರು 1860ರ ಒಪ್ಪಂದದಲ್ಲಿ ಸುರಪುರವನ್ನು ಬಹುಮಾನವಾಗಿ ಕೊಟ್ಟುಬಿಟ್ಟರು. ಒಬ್ಬ ಸೋತ, ಇನ್ನೊಬ್ಬ ಗೆದ್ದ, ನೆಲ ಮೂರನೆಯವನಿಗೆ. ಸುರಪುರದ ರೈತನನ್ನು ಯಾರೂ ಕೇಳಲಿಲ್ಲ. ವಸಾಹತುಶಾಹಿ ಎಂಬ ದೊಡ್ಡ ಪದವನ್ನು ತರಗತಿಯಲ್ಲಿ ಬಿಡಿಸುವಾಗ ನಾನು ಮೊದಲು ಹೇಳುವುದು ಈ ಕಥೆಯನ್ನೇ.

ಇನ್ನು 1947ರ ಆಗಸ್ಟ್ 15. ಅಂದು ಬ್ರಿಟಿಷರ ಪರಮಾಧಿಕಾರ ಮುಗಿಯಿತು. ಆ ಆಸರೆ ಹೋದ ಮೇಲೆ ನಿಜಾಮರು ಭಾರತಕ್ಕೆ ಸೇರದೆ ಸ್ವತಂತ್ರವಾಗಿರಲು ಹೊರಟರು. ಇಲ್ಲಿ ತ್ರಿವರ್ಣ ಧ್ವಜ ಹಾರಿಸಿದವರಿಗೆ ಜೈಲು ಕಾದಿತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸ್ವಾಮಿ ರಮಾನಂದ ತೀರ್ಥರ ಬಂಧನವಾಯಿತು. 1952ರಲ್ಲಿ ಕಲಬುರಗಿಯಿಂದ ಮೊದಲ ಲೋಕಸಭೆಗೆ ಹೋದವರು ಇವರೇ. 1947ರ ನವೆಂಬರ್ 29ರಂದು ಭಾರತಕ್ಕೂ ನಿಜಾಮರಿಗೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ಹಳ್ಳಿಗಳಲ್ಲಿ ಯಥಾಸ್ಥಿತಿ ಎಲ್ಲಿತ್ತು? ನಿಜಾಮರ ಪರ ನಿಂತ ಖಾಸಗಿ ಪಡೆ, ಕಾಸಿಂ ರಜ್ವಿಯ ರಜಾಕಾರರು ಊರೂರು ನುಗ್ಗಿದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಆದ ಹತ್ಯಾಕಾಂಡವನ್ನು ಆ ಭಾಗದ ಹಿರಿಯರು ಇಂದಿಗೂ ದನಿ ತಗ್ಗಿಸಿ ಹೇಳುತ್ತಾರೆ. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮರು ಶರಣಾದರು. ನಮ್ಮ ಎರಡನೆಯ ಧ್ವಜಾರೋಹಣ ಆ ದಿನದ್ದು.

ಮಗಳಿಗೆ ಇನ್ನೊಂದು ಮಾತನ್ನೂ ಹೇಳಿ, ಮುಚ್ಚಿಡಬೇಡಿ. ಸೇನೆ ಬಂದ ನಂತರದ ದಿನಗಳಲ್ಲಿ ಮುಸ್ಲಿಮರ ಮೇಲೆ ಭೀಕರ ಹಿಂಸೆ ನಡೆಯಿತು. ಕೇಂದ್ರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಎರಡೂ ಇದ್ದವು. ಆ ವರದಿ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಗೋರ್ಟಾದ ಕಣ್ಣೀರು, ಈ ಕಣ್ಣೀರು ಎರಡೂ ನಮ್ಮ ಮಣ್ಣಿನವೇ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಮಕ್ಕಳಿಗೆ ಅರ್ಧ ಇತಿಹಾಸ ಕೊಟ್ಟಂತೆ.

ಪ್ರಶ್ನೆ: ನಾನು ಯಾದಗಿರಿಯವನು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಹೊರಗಿನವರು ಆಳುತ್ತಿದ್ದಾಗಲೂ ಸ್ಥಳೀಯ ದೊರೆಯೇ ಗಾದಿಯ ಮೇಲಿದ್ದ ನಮ್ಮಂಥ ಪ್ರದೇಶ ಬೇರೆ ದೇಶಗಳಲ್ಲೂ ಇತ್ತೇ? ಅಲ್ಲಿ ಸ್ವಾತಂತ್ರ್ಯದ ನಂತರ ಏನಾಯಿತು?

ಉತ್ತರ: ಇತ್ತು. ನೈಜೀರಿಯಾದ ಉತ್ತರ ಭಾಗದ ಕಥೆ ಓದಿದಾಗ ನಮ್ಮದೇ ಓದಿದಂತೆ ಅನಿಸಿತು. 1900ರ ನಂತರ ಬ್ರಿಟಿಷ್ ಅಧಿಕಾರಿ ಲುಗಾರ್ಡ್ ಅಲ್ಲಿನ ಸೊಕೊಟೊ, ಕಾನೊದಂಥ ಮುಸ್ಲಿಂ ಸಂಸ್ಥಾನಗಳನ್ನು ಗೆದ್ದ. ಆದರೆ ಅಮೀರರನ್ನು ಗಾದಿಯ ಮೇಲೆಯೇ ಉಳಿಸಿ, ಅವರ ಕೈಯಿಂದಲೇ ತೆರಿಗೆ ಎತ್ತಿಸಿದ. ಧರ್ಮದ ವಿಷಯಕ್ಕೆ ಕೈಹಾಕುವುದಿಲ್ಲ ಎಂಬ ಮಾತಿನಂತೆ ಮಿಷನರಿ ಶಾಲೆಗಳನ್ನು ಉತ್ತರದಲ್ಲಿ ಬಹುಮಟ್ಟಿಗೆ ತಡೆದರು. ದಕ್ಷಿಣದಲ್ಲಿ ಅವು ಬೇಗ ಹಬ್ಬಿದವು. ಮುಂದೆ ಗುಮಾಸ್ತ, ಶಿಕ್ಷಕ, ವಕೀಲ ಎಂದರೆ ದಕ್ಷಿಣದವರೇ ಆದರು. ಸ್ವಾತಂತ್ರ್ಯ ಹತ್ತಿರ ಬಂದಾಗ ದಕ್ಷಿಣದವರು "ಈಗಲೇ ಬೇಕು" ಅಂದರು, ಉತ್ತರದವರು "ತಡೆಯಿರಿ, ನೌಕರಿಯೆಲ್ಲ ನೀವೇ ಹಿಡಿದರೆ ನಮ್ಮ ಗತಿ?" ಎಂದು ಹಿಂದೇಟು ಹಾಕಿದರು. ದಕ್ಷಿಣದ ಎರಡು ಪ್ರಾಂತ್ಯಗಳು 1957ರಲ್ಲಿ ಒಳಾಡಳಿತ ಪಡೆದವು, ಉತ್ತರ 1959ರಲ್ಲಿ. ದೇಶ ಸ್ವತಂತ್ರವಾದದ್ದು 1960ರ ಅಕ್ಟೋಬರ್ 1ರಂದು. ಅಲ್ಲೂ ಒಂದೇ ದೇಶಕ್ಕೆ ಬೇರೆ ಬೇರೆ ತಾರೀಖು.

ನೌಕರಿಯ ಆ ಭಯ ನಮಗೆ ಹೊಸದೇ? ಹೈದರಾಬಾದ್ ರಾಜ್ಯದ ಮುಲ್ಕಿ (ಸ್ಥಳೀಯರು), ಗೈರ್ ಮುಲ್ಕಿ (ಹೊರಗಿನವರು) ಜಗಳ ಅದೇ ತಾನೇ. ಶಾಲೆಯ ಕಥೆಯೂ ಅಷ್ಟೇ. ಮೈಸೂರಿಗೆ ವಿಶ್ವವಿದ್ಯಾಲಯ 1916ರಲ್ಲಿ ಬಂತು. ಹೈದರಾಬಾದಿನಲ್ಲಿ 1918ರಲ್ಲಿ ಉಸ್ಮಾನಿಯಾ ಬಂತು, ಅದು ಉರ್ದು ಮಾಧ್ಯಮ. ಮನೆಯಲ್ಲಿ ಕನ್ನಡ ಆಡುವ ಹುಡುಗನಿಗೆ ಅಲ್ಲಿಗೆ ಹೋಗುವ ಮೊದಲೇ ಒಂದು ಗೋಡೆ. ಕಲಬುರಗಿಗೆ ತನ್ನದೇ ವಿಶ್ವವಿದ್ಯಾಲಯ ಬರುವ ಹೊತ್ತಿಗೆ 1980 ಆಗಿತ್ತು. 1956ರ ಏಕೀಕರಣದಿಂದ ನಕಾಶೆ ಒಂದಾಯಿತು, ಆದರೆ ಈ 64 ವರ್ಷದ ಅಂತರ ಒಂದು ಸಹಿಯಿಂದ ಅಳಿಸಿಹೋಗಲಿಲ್ಲ. ನೀವು ಅರ್ಜಿ ತುಂಬುವಾಗ ಟಿಕ್ ಮಾಡುವ 371(ಜೆ) ಕಾಲಂ, ಅಂದರೆ ನಮ್ಮ ಭಾಗದವರ ಮೀಸಲಾತಿಯ ಕಾಲಂ ಇದೆಯಲ್ಲ, ಅದರ ಬೇರು ಇಲ್ಲಿದೆ. ನೈಜೀರಿಯಾ ಕೂಡ 1979ರ ಸಂವಿಧಾನದಲ್ಲಿ, ಕೇಂದ್ರದ ನೌಕರಿಗಳಲ್ಲಿ ಎಲ್ಲ ಪ್ರದೇಶದವರೂ ಕಾಣಿಸಬೇಕೆಂದು ಬರೆದುಕೊಂಡಿತು. "ಇದು ಹಿಂದುಳಿದವರಿಗೆ ಕೊಡುವ ಭಿಕ್ಷೆ" ಎಂದು ಯಾರಾದರೂ ನಿಮ್ಮೆದುರು ಅಂದರೆ ತಲೆ ತಗ್ಗಿಸಬೇಡಿ. ಹಳೇ ಬಾಕಿ ವಸೂಲಿ ಅದು.

ಉಳಿದ ದೇಶಗಳನ್ನು ಚಿಕ್ಕದಾಗಿ ನೋಡೋಣ. ಮಲಯಾದ ಸುಲ್ತಾನರು ಬ್ರಿಟಿಷ್ ರೆಸಿಡೆಂಟರ ಕೆಳಗಿದ್ದೂ ಉಳಿದುಕೊಂಡರು. ಇಂದಿನ ಮಲೇಷ್ಯಾದಲ್ಲಿ ಒಂಬತ್ತು ಅರಸರು ಐದೈದು ವರ್ಷ ಸರದಿಯಂತೆ ದೇಶದ ರಾಜರಾಗುತ್ತಾರೆ. ಅಲ್ಜೀರಿಯಾದ ದಾರಿ ಬೇರೆ: ಫ್ರೆಂಚರು ಅಲ್ಲಿ ಹೊಲಮನೆ ಮಾಡಿಕೊಂಡು ನೆಲೆಸಿದ್ದರಿಂದ ಬಿಟ್ಟು ಹೋಗಲು ಒಪ್ಪಲಿಲ್ಲ, 1954ರಿಂದ 1962ರವರೆಗೆ ರಕ್ತ ಹರಿಯಿತು. ಇಂಡೋನೇಷ್ಯಾ 1945ರ ಆಗಸ್ಟ್ 17ರಂದು ಸ್ವಾತಂತ್ರ್ಯ ಸಾರಿತು, ಡಚ್ಚರು ಒಪ್ಪಿದ್ದು 1949ರ ಡಿಸೆಂಬರಿನಲ್ಲಿ. ನನ್ನನ್ನು ಬಹಳ ಕಾಡುವುದು ಹೈಟಿ. ಗುಲಾಮರೇ ದಂಗೆಯೆದ್ದು 1804ರಲ್ಲಿ ಕಟ್ಟಿಕೊಂಡ ದೇಶ. ಕಳೆದುಕೊಂಡ ಆಸ್ತಿಗೆ ಪರಿಹಾರ ಬೇಕೆಂದು ಫ್ರಾನ್ಸ್ 1825ರಲ್ಲಿ ಯುದ್ಧನೌಕೆ ನಿಲ್ಲಿಸಿ 15 ಕೋಟಿ ಫ್ರಾಂಕ್ ಕೇಳಿತು. ಆಮೇಲೆ ಅದು 9 ಕೋಟಿಗೆ ಇಳಿಯಿತು. ಆ ಆಸ್ತಿಯ ಲೆಕ್ಕದಲ್ಲಿ ಮನುಷ್ಯರೂ ಸೇರಿದ್ದರು. ತಮ್ಮ ಮೈಗೆ ತಾವೇ ಬೆಲೆ ಕಟ್ಟಿಕೊಟ್ಟು, ಅದಕ್ಕೆ ಮಾಡಿದ ಸಾಲವನ್ನು ಮೊಮ್ಮಕ್ಕಳ ಕಾಲದವರೆಗೂ ತೀರಿಸಿದರು.

ಪ್ರಶ್ನೆ: ಭಾಲ್ಕಿ ತಾಲೂಕಿನ ನಮ್ಮ ಹೊಲದ ಹಳೇ ಉರ್ದು ಕಾಗದದಲ್ಲಿ "ಫಸಲಿ 1340" ಎಂದಿದೆ. ಯಾವ ಇಸವಿ?

ಉತ್ತರ: ಫಸಲಿ ಎಂದರೆ ಕಂದಾಯದ ಲೆಕ್ಕದ ವರ್ಷ. ಅದಕ್ಕೆ 590 ಕೂಡಿಸಿ. 1340 ಅಂದರೆ 1930-31. ನಿಜಾಮರ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿದ್ದುದರಿಂದ ಅದು ಎರಡು ಇಸವಿಗಳ ಮೇಲೆ ಕೂರುತ್ತದೆ. ಕಾಗದ ಲ್ಯಾಮಿನೇಷನ್ ಮಾಡಿಸಬೇಡಿ, ಹಾಳಾಗುತ್ತದೆ. ಊರಲ್ಲಿ ಹಳೇ ಉರ್ದು ಓದಬಲ್ಲ ಹಿರಿಯರಿದ್ದರೆ ಈ ವಾರವೇ ಹೋಗಿ ಓದಿಸಿಕೊಂಡು ಬರೆದಿಟ್ಟುಕೊಳ್ಳಿ. ನಿಮ್ಮ ಊರು ಜಾಗೀರಿಗೆ ಸೇರಿದ್ದಾದರೆ ಜಾಗೀರು ರದ್ದಾದಾಗಿನ ಇನ್ನೊಂದು ಕಾಗದವೂ ಆ ಗಂಟಿನಲ್ಲಿ ಇರಬಹುದು, ಹುಡುಕಿ. ಜಾಗೀರುಗಳನ್ನು ರದ್ದು ಮಾಡಿದ ಕಾನೂನು 1949ರ ಆಗಸ್ಟ್ 15ರಂದು ಜಾರಿಗೆ ಬಂತು. ನಿಜಾಮರ ಆಳ್ವಿಕೆ ಮುಗಿದು ಹನ್ನೊಂದು ತಿಂಗಳಾಗಿತ್ತು, ಹೈದರಾಬಾದಿನಲ್ಲಿ ಭಾರತದ ಮಿಲಿಟರಿ ಗವರ್ನರ್ ಕೂತಿದ್ದರು. ಆದರೂ ಆ ಕಾನೂನಿನ ಹೆಸರಿನಲ್ಲಿ ಬರೆದ ವರ್ಷ: ಫಸಲಿ 1358.